ಮೊಟ್ಟೆ ಎಟುಕುವ ದೂರ

ಕತಾರಿನ ಪ್ರಜೆಗಳು ಶೂರಾ ಕೌನ್ಸಿಲ್ ಎಂಬ ತಮ್ಮ ಶಾಸನಸಭೆಗೆ ಮೊದಲ ಸಲ ಮತ ಹಾಕಿದ್ದು 2021ರ ಅಕ್ಟೋಬರ್ 2ರಂದು. ಒಟ್ಟು 45 ಸ್ಥಾನ. ಅದರಲ್ಲಿ 30ಕ್ಕೆ ಚುನಾವಣೆ, ಉಳಿದ 15 ಅಮೀರರ ನೇಮಕ. ಪಕ್ಷಗಳೇ ಇಲ್ಲದ ದೇಶವಾದ್ದರಿಂದ ಬಾವುಟ, ಚಿಹ್ನೆ, ಹೈಕಮಾಂಡ್ ಯಾವುದರ ಗೊಡವೆಯೂ ಇರಲಿಲ್ಲ. ಅಭ್ಯರ್ಥಿಗಳ ಫೋಟೊಗಳು ದೋಹಾದ ರಸ್ತೆಬದಿಯಲ್ಲಿ ಎದ್ದು ನಿಂತವು. ಶೇ 63.5ರಷ್ಟು ಮತದಾನವಾಯಿತು. ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು ಕಣದಲ್ಲಿದ್ದರೂ ಒಬ್ಬರೂ ಗೆಲ್ಲಲಿಲ್ಲ. ಮೂರು ವರ್ಷ ಕಳೆದು, 2024ರ ನವೆಂಬರ್ 5ರಂದು, ಸಂವಿಧಾನದ ತಿದ್ದುಪಡಿಗೆ ಜನಮತಗಣನೆ ನಡೆಯಿತು. ಶೇ 90ಕ್ಕೂ ಹೆಚ್ಚು ಮಂದಿ ಹೌದೆಂದರು. ಶೂರಾದ ಚುನಾವಣೆಯೇ ರದ್ದಾಯಿತು.

ಅಂದರೆ, ಶೂರಾ ಸ್ಥಾನಕ್ಕಾಗಿ ಮತ ಕೇಳಿಕೊಂಡು ಜನರ ಎದುರಿಗೆ ಬರುವ ರಾಜಕಾರಣಿ ಎಂಬ ಜೀವಿ ಈ ದೇಶದಲ್ಲಿ ಓಡಾಡಿದ್ದು ಒಂದೇ ಒಂದು ಋತು. ಆ ಋತುವಿನಲ್ಲಿ ಅವರ ಮೇಲೆ ಮೊಟ್ಟೆಯಾಗಲಿ ಚಪ್ಪಲಿಯಾಗಲಿ ಬಿದ್ದ ಸುದ್ದಿ ಬರಲಿಲ್ಲ. ಬಿಸಿ ಏರಿದ್ದು ಬೇರೆ ವಿಷಯಕ್ಕೆ: ಯಾರು ಮತದಾರರು, ಯಾರಲ್ಲ ಎಂಬುದಕ್ಕೆ. ಪೂರ್ವಜರ ಪೌರತ್ವದ ಲೆಕ್ಕ ಹಿಡಿದು ಕೆಲವರನ್ನು ಹೊರಗಿಟ್ಟ ಕಾನೂನಿನ ವಿರುದ್ಧ 2021ರ ಆಗಸ್ಟಿನಲ್ಲಿ ಅಲ್ ಮುರ್ರಾ ಬುಡಕಟ್ಟಿನವರು ಸೇರಿ ದನಿ ಎತ್ತಿದರು. ಏಳು ಮಂದಿಯ ಮೇಲೆ ಪ್ರಕರಣ ದಾಖಲಾಯಿತು. ಅವರು ಏನನ್ನೂ ಎಸೆದಿರಲಿಲ್ಲ, ಸಾಮಾಜಿಕ ಜಾಲತಾಣದಲ್ಲಿ ಮಾತನಾಡಿದ್ದರು, ಅಷ್ಟೆ.

ರಾಜಕಾರಣಿಗಳ ಮೇಲೆ ವಸ್ತು ಎಸೆಯುವ ಪ್ರತಿಭಟನೆಯ ಬಗ್ಗೆ ಬರೆಯಲು ಹೊರಟು ಕತಾರಿನಿಂದ ಶುರು ಮಾಡಿದ್ದು ವಿಚಿತ್ರ ಅನ್ನಿಸಬಹುದು. ಆದರೆ ಎಸೆತ ನಡೆಯಬೇಕಾದರೆ ಏನೇನು ಬೇಕು ಎಂಬುದು ಅದು ನಡೆಯಲಾರದ ಊರಲ್ಲಿ ಕೂತಾಗ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ಕೈ ಬೇಕು, ಕೋಪ ಬೇಕು, ಹತ್ತೋ ಇಪ್ಪತ್ತೋ ರೂಪಾಯಿಯ ಸರಕು ಬೇಕು. ಇವೆಲ್ಲ ಎಲ್ಲ ದೇಶಗಳಲ್ಲೂ ಇವೆ. ಎಲ್ಲ ಕಡೆ ಇಲ್ಲದ್ದು ದೂರ. ಮೊಟ್ಟೆ ಎಟುಕುವಷ್ಟು ದೂರಕ್ಕೆ ಆಳುವವನು ಬಂದು ನಿಲ್ಲಬೇಕಾದ ಅನಿವಾರ್ಯ. ಇನ್ನೊಂದು, ಎಸೆದ ಮೇಲೆ ಎಸೆದವನಿಗೆ ಏನಾಗುತ್ತದೆ ಎಂಬ ಅಂದಾಜು.

ಕತಾರಿನ ಅಮೀರರು ಜನರಿಗೆ ಸಿಗದವರೇನಲ್ಲ. ಮಜ್ಲಿಸ್ ಎಂಬ ಹಳೆಯ ಪದ್ಧತಿ ಇನ್ನೂ ಜೀವಂತ. ಪ್ರಜೆಗಳು ಹೋಗಿ ಕೂತು ಅಹವಾಲು ಹೇಳಿಕೊಳ್ಳಬಹುದು. ಆದರೆ ಅಲ್ಲಿಗೆ ಹೋಗುವವನು ಕೇಳಿಕೊಳ್ಳಲು ಹೋಗುತ್ತಾನೆ, ಕೇಳಲು ಅಲ್ಲ. 2004ರ ದಂಡಸಂಹಿತೆಯ 134ನೇ ಕಲಮಿನ ಪ್ರಕಾರ ಅಮೀರರ ಅಧಿಕಾರವನ್ನು ಬಹಿರಂಗವಾಗಿ ಪ್ರಶ್ನಿಸಿದರೆ ಐದು ವರ್ಷದವರೆಗೆ ಸೆರೆವಾಸ. ಮುಹಮ್ಮದ್ ಅಲ್ ಅಜಮಿ ಎಂಬ ಕವಿಯನ್ನು 2011ರ ನವೆಂಬರಿನಲ್ಲಿ ಹಿಡಿದರು. ಅರಬ್ ದೇಶಗಳ ದಂಗೆಯ ದಿನಗಳವು. ಆತ ಬರೆದ ಕವಿತೆಗಾಗಿ ಮರುವರ್ಷ ಜೀವಾವಧಿ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು 15 ವರ್ಷಕ್ಕಿಳಿಯಿತು, 2016ರ ಮಾರ್ಚಿನಲ್ಲಿ ಕ್ಷಮಾದಾನ ಸಿಕ್ಕಿತು. ಕವಿತೆಯ ಬೆಲೆ ಇಷ್ಟಿರುವಲ್ಲಿ ಚಪ್ಪಲಿಯ ಬೆಲೆ ಎಷ್ಟೆಂದು ಯಾರೂ ವಿಚಾರಿಸಲು ಹೋಗುವುದಿಲ್ಲ.

ಇನ್ನು ನಮ್ಮಂಥ ಹೊರಗಿನವರು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನಿಂದ ಹಿಡಿದು ಬೀದರಿನವರೆಗಿನ ಜನ ಇಲ್ಲಿದ್ದಾರೆ. ಕರ್ನಾಟಕ ಸಂಘವಿದೆ, ತುಳುಕೂಟವಿದೆ, ರಾಜ್ಯೋತ್ಸವವಿದೆ. ಬೀದಿಗಿಳಿಯುವ ಪ್ರಶ್ನೆ ಮಾತ್ರ ಇಲ್ಲ. 2022ರ ಆಗಸ್ಟಿನಲ್ಲಿ, ವಿಶ್ವಕಪ್ ಫುಟ್‌ಬಾಲಿಗೆ ಮೂರು ತಿಂಗಳಿರುವಾಗ, ತಿಂಗಳುಗಟ್ಟಲೆ ಸಂಬಳ ಸಿಗದ ಕಾರ್ಮಿಕರು ದೋಹಾದ ರಸ್ತೆಯೊಂದರಲ್ಲಿ ನಿಂತು ಪ್ರತಿಭಟಿಸಿದರು. ಕಂಪನಿಯದು ತಪ್ಪೆಂದು ಸರ್ಕಾರವೇ ಒಪ್ಪಿ ಬಾಕಿ ಕೊಡಿಸುವ ಮಾತಾಡಿತು. ಆದರೂ ಪ್ರತಿಭಟಿಸಿದವರಲ್ಲಿ ಕೆಲವರನ್ನು ಬಂಧಿಸಿ ಗಡೀಪಾರು ಮಾಡಿತು. ಅದೇ ವರ್ಷದ ಜೂನಿನಲ್ಲಿ ಪಕ್ಕದ ಕುವೈತಿನ ಫಹಾಹೀಲಿನಲ್ಲಿ, ಪ್ರವಾದಿಯವರ ಬಗ್ಗೆ ಭಾರತದ ಪಕ್ಷವೊಂದರ ವಕ್ತಾರೆ ಆಡಿದ ಮಾತನ್ನು ಖಂಡಿಸಿ ಶುಕ್ರವಾರದ ನಮಾಜಿನ ನಂತರ ಸೇರಿದ ವಲಸಿಗರಿಗೂ ಗಡೀಪಾರಿನ ಆದೇಶವೇ ಬಂತು. ಕುವೈತಿನ ಸರ್ಕಾರವೂ ಆ ಮಾತನ್ನು ಖಂಡಿಸಿತ್ತು, ಭಾರತದ ರಾಯಭಾರಿಯನ್ನು ಕರೆಸಿ ಆಕ್ಷೇಪ ಸಲ್ಲಿಸಿತ್ತು. ಸರ್ಕಾರ ಯಾವ ಪರ ಇದೆಯೋ ಅದೇ ಪರವಾಗಿ ಕೂಗಿದರೂ ವಿಮಾನ ಹತ್ತಬೇಕಾಯಿತು.

ಹಾಗಾಗಿ ಕರ್ನಾಟಕದ ಮಂತ್ರಿ, ಶಾಸಕರಿಗೆ ದೋಹಾದಷ್ಟು ಸುರಕ್ಷಿತ ವೇದಿಕೆ ಇನ್ನೊಂದಿಲ್ಲ. ಇಂಡಿಯನ್ ಕಲ್ಚರಲ್ ಸೆಂಟರಿನ ಅಶೋಕ ಹಾಲಿನಂಥ ಕಡೆ ಅವರ ಕಡೆಗೆ ಹೋಗುವುದು ಶಾಲು, ಮೈಸೂರು ಪೇಟ, ಸ್ಮರಣಿಕೆ, ಸೆಲ್ಫಿ. ಕ್ಷೇತ್ರದಲ್ಲಿ ರಸ್ತೆ ಗುಂಡಿ ಬಿದ್ದಿದ್ದರೂ ಇಲ್ಲಿ ಅವರಿಗೆ ಹೂಗುಚ್ಛವೇ.

ಇದೇ ದೋಹಾ ಜಗತ್ತಿನ ಅತಿ ಪ್ರಸಿದ್ಧ ಚಪ್ಪಲಿ ಎಸೆತವನ್ನು ಅರಬ್ ಮನೆಮನೆಗೆ ಮುಟ್ಟಿಸಿತು. 2008ರ ಡಿಸೆಂಬರ್ 14ರಂದು ಬಾಗ್ದಾದಿನ ಪತ್ರಿಕಾಗೋಷ್ಠಿಯಲ್ಲಿ ಮುಂತಜರ್ ಅಲ್ ಜೈದಿ ಎಂಬ ಟಿವಿ ವರದಿಗಾರ ತನ್ನ ಎರಡೂ ಬೂಟುಗಳನ್ನು ಒಂದರ ಹಿಂದೊಂದರಂತೆ ಜಾರ್ಜ್ ಬುಷ್ ಕಡೆಗೆ ಬೀಸಿದ. ಬುಷ್ ಎರಡು ಸಲವೂ ತಲೆ ತಪ್ಪಿಸಿಕೊಂಡ. ಮೊದಲನೆಯದು ಇರಾಕಿಗಳ ಬೀಳ್ಕೊಡುಗೆ, ಎರಡನೆಯದು ವಿಧವೆಯರ, ಅನಾಥ ಮಕ್ಕಳ ಪರವಾಗಿ ಎಂಬ ಅರ್ಥದ ಮಾತು ಜೈದಿಯ ಬಾಯಲ್ಲಿತ್ತು. ಆ ಕೆಲವೇ ಕ್ಷಣಗಳ ದೃಶ್ಯ ಅಲ್ ಜಜೀರಾದಲ್ಲಿ ಮತ್ತೆ ಮತ್ತೆ ಓಡಿತು. ಅಲ್ ಜಜೀರಾ 1996ರಲ್ಲಿ ಶುರುವಾದದ್ದು ಇದೇ ಕತಾರಿನ ಆಡಳಿತದ ಹಣದಿಂದ. ಬೇರೆಯವರ ದೇಶದ ಎಸೆತಕ್ಕೆ ದೋಹಾದಲ್ಲಿ ಯಾವತ್ತೂ ಬರಗಾಲವಿರಲಿಲ್ಲ.

ಜೈದಿಯ ಕಥೆಯನ್ನು ನಮ್ಮಲ್ಲಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಹಿಡಿದವರು ಥಳಿಸಿದರು. ಮೂರು ವರ್ಷ ಶಿಕ್ಷೆಯಾಗಿ, ಒಂದು ವರ್ಷಕ್ಕಿಳಿದು, ಒಂಬತ್ತು ತಿಂಗಳಿಗೆ ಬಿಡುಗಡೆಯಾಯಿತು. ಬೂಟುಗಳಲ್ಲಿ ಸ್ಫೋಟಕವಿದೆಯೇ ಎಂದು ಪರೀಕ್ಷಿಸುವ ಭರದಲ್ಲಿ ತನಿಖೆಯವರು ಅವನ್ನು ನಾಶ ಮಾಡಿದರು. ಆ ಬೂಟು ನಮ್ಮದೇ ಎಂದು ಟರ್ಕಿಯ ಕಂಪನಿಯೊಂದು ಹೇಳಿಕೊಂಡಿತು, ಅದಕ್ಕೆ ಬೇಡಿಕೆಯೂ ಬಂತು. ತಿಕ್ರಿತಿನಲ್ಲಿ ಬೂಟಿನ ಸ್ಮಾರಕವನ್ನೇ ನಿಲ್ಲಿಸಿ, ಕೂಡಲೇ ತೆಗೆಸಿದರು. 2009ರ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ಮಾತನಾಡುತ್ತಿದ್ದ ಜೈದಿಯ ಮೇಲೆ ಇನ್ನೊಬ್ಬ ಇರಾಕಿ ಪತ್ರಕರ್ತನೇ ಬೂಟು ಎಸೆದ! 2018ರಲ್ಲಿ ಜೈದಿ ಇರಾಕಿನ ಸಂಸತ್ ಚುನಾವಣೆಗೆ ನಿಂತ, ಗೆಲ್ಲಲಿಲ್ಲ. ಬೂಟಿಗೆ ಚಪ್ಪಾಳೆ ತಟ್ಟಿದವರೆಲ್ಲ ಮತ ಹಾಕುವುದಿಲ್ಲ.

ಇದು ಮುಕ್ತ ಸಮಾಜದ ಲಕ್ಷಣ ಎಂಬಂತೆ ಬುಷ್ ನಕ್ಕು ಮಾತಾಡಿದರು. ಸದ್ದಾಮನ ಕಾಲದಲ್ಲಿ ಹೀಗೆ ಎಸೆಯಲು ಆಗುತ್ತಿತ್ತೇ ಎಂದು ಹಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದರ ಇನ್ನೊಂದು ಮಗ್ಗುಲೂ ಇದೆ. ಇರಾಕಿನ ಒಬ್ಬ ಪ್ರಜೆ ಬುಷ್‌ರನ್ನು ಆರಿಸಿದವನಲ್ಲ, ಇಳಿಸಬಲ್ಲವನೂ ಅಲ್ಲ. ಅವನ ಊರಿನ ಮೇಲೆ ಬಾಂಬು ಹಾಕಿಸಿದವನು ಅವನ ಮತಕ್ಕೆ ಎಟುಕದ ದೂರದಲ್ಲಿದ್ದ. ಆ ಒಂದು ಸಂಜೆ ಮಾತ್ರ ಬೂಟಿಗೆ ಎಟುಕಿದ. ಎಸೆತಕ್ಕೆ ಏನಾದರೂ ನ್ಯಾಯವಿದ್ದರೆ ಅದು ಇಂಥ ಕಡೆ ಇದೆ ಎಂದು ನನಗನ್ನಿಸುತ್ತದೆ: ಬೇರೆ ದಾರಿ ಇಲ್ಲದವನ ಕೈಯಲ್ಲಿ.

ತೊಡಕು ಇರುವುದೇ ಇಲ್ಲಿ. ಬೇರೆ ದಾರಿ ಇಲ್ಲದವನಿಗೆ ಆಳುವವನು ಎಟುಕುವುದಿಲ್ಲ, ಎಟುಕಿದರೂ ಎಸೆದ ಮೇಲೆ ಬದುಕು ಮುಗಿಯುತ್ತದೆ. ಎಟುಕುವುದು ಯಾರಿಗೆ? ಮತ ಇರುವವನಿಗೆ, ಪಕ್ಷ ಇರುವವನಿಗೆ, ಸಂಜೆಯೊಳಗೆ ಠಾಣೆಯಿಂದಲೇ ಬಿಡಿಸಿಕೊಂಡು ಬರುವ ಮುಖಂಡ ಇರುವವನಿಗೆ. ಎಸೆಯುವ ಅಗತ್ಯ ಅತಿ ಕಡಿಮೆ ಇರುವವರೇ ಅತಿ ಹೆಚ್ಚು ಎಸೆಯುತ್ತಾರೆ. ಇದಕ್ಕೆ ಸಾಕ್ಷಿ ಹುಡುಕಲು ಬಾಗ್ದಾದಿಗೆ ಹೋಗಬೇಕಿಲ್ಲ, ಕೊಡಗಿಗೆ ಹೋದರೆ ಸಾಕು.

2022ರ ಆಗಸ್ಟ್ 18. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಮಳೆಹಾನಿ ನೋಡಲು ಕೊಡಗಿಗೆ ಬಂದರು. 2018ರ ಭೂಕುಸಿತದಿಂದ ಈಚೆಗೆ ಕೊಡಗಿನವರಿಗೆ ಆಗಸ್ಟ್ ಎಂದರೆ ಎದೆ ಹೊಡೆದುಕೊಳ್ಳುವ ತಿಂಗಳು. ಗುಡ್ಡ ಯಾವಾಗ ಜಾರುತ್ತದೋ, ಮನೆ ಯಾವಾಗ ಕುಸಿಯುತ್ತದೋ ಎಂಬ ಭಯ. ಪರಿಹಾರದ ಬಗ್ಗೆ ಹೇಳಿಕೊಳ್ಳಲು ಜನರಲ್ಲಿ ಮಾತಿತ್ತು. ಆದರೆ ಅದಕ್ಕೆ ಕೆಲವೇ ದಿನ ಮುಂಚೆ ಶಿವಮೊಗ್ಗದಲ್ಲಿ ಸಾವರ್ಕರ್ ಚಿತ್ರದ ವಿಷಯಕ್ಕೆ ಗಲಭೆಯಾಗಿತ್ತು, ಆ ಬಗ್ಗೆ ಸಿದ್ದರಾಮಯ್ಯ ಆಡಿದ ಮಾತು ಬಿಜೆಪಿಯನ್ನು ಕೆರಳಿಸಿತ್ತು. ತಿತಿಮತಿಯಲ್ಲಿ ಕಪ್ಪು ಬಾವುಟ, ಮಡಿಕೇರಿಯಲ್ಲಿ ಘೋಷಣೆ, ಗುಡ್ಡೆಹೊಸೂರಿನ ಬಳಿ ಕಾರಿನ ಮೇಲೆ ಮೊಟ್ಟೆ.

ಆಮೇಲಿನ ಹತ್ತು ದಿನ ನೆನಪಿಸಿಕೊಳ್ಳಿ. ರಾಜ್ಯದುದ್ದಕ್ಕೂ ಕಾಂಗ್ರೆಸ್ಸಿನ ಪ್ರತಿಭಟನೆ. ಎಸೆದವನು ನಿಮ್ಮವನು, ಅಲ್ಲ ನಿಮ್ಮವನೇ ಎಂದು ಎರಡು ಪಕ್ಷಗಳ ವಾಗ್ವಾದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಕಾಂಗ್ರೆಸ್ಸು ಆಗಸ್ಟ್ 26ಕ್ಕೆ ಮಡಿಕೇರಿ ಚಲೋ ಕರೆ ಕೊಟ್ಟಿತು, ಬಿಜೆಪಿ ತಾನೂ ಸಮಾವೇಶ ಮಾಡುತ್ತೇನೆಂದಿತು. ಜಿಲ್ಲಾಡಳಿತ 24ರಿಂದ 27ರವರೆಗೆ ನಿಷೇಧಾಜ್ಞೆ ಹಾಕಿತು. ಎರಡೂ ಕಾರ್ಯಕ್ರಮ ನಿಂತವು. ಈ ನಡುವೆ ಚರ್ಚೆ ಮೊಟ್ಟೆಯಿಂದ ಮಾಂಸಕ್ಕೆ ಜಿಗಿಯಿತು: ಸಿದ್ದರಾಮಯ್ಯ ಅಂದು ಮಾಂಸದೂಟ ಮಾಡಿ ಕೊಡ್ಲಿಪೇಟೆಯ ಬಸವೇಶ್ವರ ದೇವಸ್ಥಾನಕ್ಕೆ ಹೋದರೇ, ಹೋದರೆ ತಪ್ಪೇ ಎಂದು ಟಿವಿಗಳು ಗಂಟೆಗಟ್ಟಲೆ ಬಡಿದಾಡಿದವು. ಮಳೆಗೆ ಮನೆ ಕಳೆದುಕೊಂಡವರ ಸುದ್ದಿ ಎಲ್ಲಿ ಹೋಯಿತು? ಆ ಮೊಟ್ಟೆ ಒಡೆದದ್ದು ಕಾರಿನ ಮೇಲಲ್ಲ, ಅವರ ಅಹವಾಲಿನ ಮೇಲೆ. ಕುಸಿದ ಮನೆಯ ಮುಂದೆ ನಿಂತವರಾರ ಕೈಯಲ್ಲೂ ಮೊಟ್ಟೆ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಮೊಟ್ಟೆ ಇದ್ದದ್ದು ಪಕ್ಷದ ಜಗಳವನ್ನು ಹೊತ್ತು ರಸ್ತೆಬದಿಗೆ ಬಂದವರ ಕೈಯಲ್ಲಿ.

2023ರ ಮೇ ತಿಂಗಳಿನ ಚುನಾವಣೆಯಲ್ಲಿ ಮಡಿಕೇರಿ, ವಿರಾಜಪೇಟೆ ಎರಡನ್ನೂ ಬಿಜೆಪಿ ಕಳೆದುಕೊಂಡಿತು. ದಶಕಗಳಿಂದ ಆ ಪಕ್ಷದ ಭದ್ರಕೋಟೆ ಎನಿಸಿದ್ದ ಜಿಲ್ಲೆಯದು. ಮೊಟ್ಟೆಯಿಂದಲೇ ಹಾಗಾಯಿತು ಎಂದು ಹೇಳುವಷ್ಟು ನಾನು ಮುಗ್ಧನಲ್ಲ. ಆನೆ, ಕಾಫಿ, ಪರಿಹಾರ, ಅಭ್ಯರ್ಥಿ, ಸರ್ಕಾರದ ಮೇಲಿನ ಬೇಸರ ಎಲ್ಲ ಸೇರಿರುತ್ತವೆ. ಕೊಡಗಿನವರು ತಮ್ಮ ಸಿಟ್ಟನ್ನು ಗುಂಡಿ ಒತ್ತಿ ಹೇಳಬಲ್ಲರು ಎಂಬುದಂತೂ ಸಾಬೀತಾಯಿತು.

ಇದು ಒಂದು ಪಕ್ಷದ ಚಾಳಿಯಲ್ಲ. 2024ರ ಡಿಸೆಂಬರ್ 25ರಂದು ಬೆಂಗಳೂರಿನ ಲಗ್ಗೆರೆಯಲ್ಲಿ ವಾಜಪೇಯಿ ಜನ್ಮದಿನದ ಕಾರ್ಯಕ್ರಮ ಮುಗಿಸಿ ಬರುತ್ತಿದ್ದ ಬಿಜೆಪಿ ಶಾಸಕ ಮುನಿರತ್ನ ಅವರ ತಲೆಗೆ ಮೊಟ್ಟೆ ಬಿತ್ತು. ಅದರಲ್ಲಿ ಆಸಿಡ್ ಇತ್ತು, ಇದು ಕೊಲೆ ಯತ್ನ ಎಂದು ಅವರು ಆರೋಪಿಸಿದರು, ಆಸ್ಪತ್ರೆ ಸೇರಿದರು. ಎದುರಾಳಿಗಳು ನಾಟಕವೆಂದರು. ಅವರ ಮೇಲೆ ಆಗಾಗಲೇ ಅತ್ಯಾಚಾರ, ಜಾತಿ ನಿಂದನೆಯಂಥ ಗಂಭೀರ ಪ್ರಕರಣಗಳಿದ್ದವು. ಅವುಗಳ ತೀರ್ಮಾನ ಆಗಬೇಕಾದ್ದು ನ್ಯಾಯಾಲಯದಲ್ಲಿ. ಮೊಟ್ಟೆ ಮಾಡಿದ ಉಪಕಾರವೆಂದರೆ ಆರೋಪಿಯನ್ನು ಒಂದು ವಾರದ ಮಟ್ಟಿಗೆ ಸಂತ್ರಸ್ತನನ್ನಾಗಿ ಮಾಡಿದ್ದು. 2009ರ ಏಪ್ರಿಲಿನಲ್ಲಿ ಹಾಸನದ ಚುನಾವಣಾ ಸಭೆಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರತ್ತ ಚಪ್ಪಲಿ ಬಂದಿತ್ತು. ಅದು ಚಪ್ಪಲಿಯ ತಿಂಗಳು: ದೆಹಲಿಯಲ್ಲಿ ಚಿದಂಬರಂ, ಕಟ್ನಿಯಲ್ಲಿ ಅಡ್ವಾಣಿ, ಅಹಮದಾಬಾದಿನಲ್ಲಿ ಮನಮೋಹನ್ ಸಿಂಗ್. ಚಿದಂಬರಂ ಅವರತ್ತ ಬೂಟು ಎಸೆದ ಪತ್ರಕರ್ತ ಜರ್ನೈಲ್ ಸಿಂಗ್ ಮಾತ್ರ ಬೇರೆ ಸಾಲಿಗೆ ಸೇರುತ್ತಾರೆ. 1984ರ ಸಿಖ್ ಹತ್ಯಾಕಾಂಡದ ಆರೋಪಿಯೊಬ್ಬರಿಗೆ ಸಿಬಿಐ ಕ್ಲೀನ್ ಚಿಟ್ ಕೊಟ್ಟದ್ದರ ವಿರುದ್ಧದ, ಇಪ್ಪತ್ತೈದು ವರ್ಷ ನ್ಯಾಯ ಕಾಣದ ಸಮುದಾಯವೊಂದರ ಬೂಟು ಅದು. ಚಿದಂಬರಂ ಕ್ಷಮಿಸಿದರು. ಹತ್ಯಾಕಾಂಡದ ಇಬ್ಬರು ಆರೋಪಿಗಳಿಗೆ ಕೊಟ್ಟಿದ್ದ ಚುನಾವಣಾ ಟಿಕೆಟ್ಟನ್ನು ಕಾಂಗ್ರೆಸ್ಸು ಹಿಂತೆಗೆದುಕೊಂಡಿತು. ಆಮೇಲೆ ಜರ್ನೈಲ್ ಸಿಂಗ್ ದೆಹಲಿಯ ಶಾಸಕರೂ ಆದರು. ಎಸೆತ ಕೆಲಸ ಮಾಡಿದ್ದಕ್ಕೆ ಭಾರತದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಜನರಿಗೆ ಬುದ್ಧಿ ಹೇಳುವ ಮುನ್ನ ವಿಧಾನಸೌಧದೊಳಕ್ಕೆ ಇಣುಕಬೇಕು. 2023ರ ಜುಲೈ 19ರಂದು ಮಸೂದೆಗಳ ಪ್ರತಿ ಹರಿದು ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿಯವರತ್ತ ಎಸೆದದ್ದಕ್ಕೆ ಹತ್ತು ಶಾಸಕರು ಅಮಾನತಾದರು. 2025ರ ಮಾರ್ಚ್ 21ರಂದು ಸಭಾಧ್ಯಕ್ಷ ಯು.ಟಿ. ಖಾದರ್ ಅವರ ಪೀಠದತ್ತ ಕಾಗದ ಹಾರಿತು. 18 ಮಂದಿ ಆರು ತಿಂಗಳಿಗೆ ಅಮಾನತು, ಮಾರ್ಷಲ್‌ಗಳು ಎತ್ತಿಕೊಂಡು ಹೊರಗಿಟ್ಟರು. ಮೇ ತಿಂಗಳಲ್ಲಿ ಅಮಾನತು ವಾಪಸಾಯಿತು. ಮೈಕು, ಸಂಬಳ, ಪ್ರಶ್ನೋತ್ತರದ ವೇಳೆ, ನಿಲುವಳಿ ಸೂಚನೆ ಎಲ್ಲ ಇದ್ದವರೂ ಎಸೆದರೆ ಬೀದಿಯ ಹುಡುಗನಿಗೆ ಹೇಳುವುದೇನು?

ರಾಜಕಾರಣಿಗಳೇ ಜನರತ್ತ ಎಸೆಯುವುದೂ ಉಂಟು. 2023ರ ಮಾರ್ಚಿನಲ್ಲಿ ಮಂಡ್ಯ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಯಾತ್ರೆಯ ಬಸ್ಸಿನ ಮೇಲೆ ನಿಂತು ಡಿ.ಕೆ. ಶಿವಕುಮಾರ್ 500ರ ನೋಟು ತೂರಿದರು. ಕಲಾವಿದರಿಗೆ ಕೊಟ್ಟದ್ದು ಎಂದು ಸಮಜಾಯಿಷಿ ಬಂತು, ಪ್ರಕರಣವೂ ದಾಖಲಾಯಿತು. ಒಂದು ತಿಂಗಳ ನಂತರ, ಏಪ್ರಿಲ್ 30ರಂದು, ಮೈಸೂರಿನ ರೋಡ್ ಶೋದಲ್ಲಿ ಪ್ರಧಾನಿ ಮೋದಿಯವರ ವಾಹನದ ಮೇಲೆ ಹೂವಿನ ಜೊತೆ ಒಂದು ಮೊಬೈಲ್ ಫೋನೂ ಬಂದು ಬಿತ್ತು. ತನಿಖೆ ಮಾಡಿ ನೋಡಿದರೆ ಅದು ಅಭಿಮಾನದ ಭರದಲ್ಲಿ ಕೈ ಜಾರಿದ್ದು. ಜೆಸಿಬಿಯಿಂದ ಹೂವು ಸುರಿಯುವುದು, ಕ್ರೇನಿನಲ್ಲಿ ಸೇಬಿನ ಹಾರ ತೂಗುವುದು ನಮ್ಮ ಚುನಾವಣೆಗಳಲ್ಲಿ ಮಾಮೂಲು. ನನ್ನ ಕೇಳಿದರೆ, ಮೊಟ್ಟೆಯಷ್ಟೇ ಪ್ರಜಾಪ್ರಭುತ್ವಕ್ಕೆ ಕೇಡು ಈ ಸೇಬಿನ ಹಾರ. ಮೊಟ್ಟೆ ಎಸೆದವನು ಎದುರಿನವನನ್ನು ಮನುಷ್ಯನಿಗಿಂತ ಕೆಳಗಿಳಿಸುತ್ತಾನೆ, ಹಾರ ತೂಗಿದವನು ಮನುಷ್ಯನಿಗಿಂತ ಮೇಲೇರಿಸುತ್ತಾನೆ. ಇಬ್ಬರೂ ಅವನನ್ನು ಪ್ರಶ್ನೆ ಕೇಳುವುದಿಲ್ಲ.

ಚಪ್ಪಲಿಯ ವಿಷಯ ಇನ್ನೂ ಸೂಕ್ಷ್ಮ. ಅರಬರಲ್ಲಿ ಪಾದರಕ್ಷೆಯ ಅಡಿ ತೋರಿಸುವುದೇ ಅವಮಾನ. ನಮ್ಮಲ್ಲಿ ಅದಕ್ಕೆ ಜಾತಿಯ ನಂಜೂ ಸೇರಿದೆ. ಚಪ್ಪಲಿ ಹೊಲಿದವನನ್ನು ಊರಾಚೆ ಇಟ್ಟ ಸಮಾಜ ಚಪ್ಪಲಿಯಿಂದ ಹೊಡೆಯುವುದನ್ನು ಅತಿ ದೊಡ್ಡ ಅವಮಾನ ಮಾಡಿಕೊಂಡಿತು. ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಮಾಡಿ ತಂದಾಗ ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎಂಬ ಕಥೆಯನ್ನು ಹೇಳುತ್ತ ಬಂದ ನಾಡು ನಮ್ಮದು. ಅದೇ ನಾಡಿನಲ್ಲಿ ಪ್ರತಿಮೆಗೆ ಚಪ್ಪಲಿ ಹಾರ ಹಾಕಿ ಊರಿಗೆ ಬೆಂಕಿ ಹಚ್ಚುವವರೂ ಇದ್ದಾರೆ. 2025ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರತ್ತ ವಕೀಲನೊಬ್ಬ ಬೂಟು ಎಸೆಯಲು ಹೋದಾಗ ದೇಶಕ್ಕೆ ಅದರ ಜಾತಿಯ ಅರ್ಥ ತಟ್ಟದೆ ಇರಲಿಲ್ಲ. ಆ ಪೀಠವೇರಿದ ಎರಡನೆಯ ದಲಿತ ಅವರು. ನ್ಯಾಯಮೂರ್ತಿಯನ್ನು ಮತ ಹಾಕಿ ಇಳಿಸಲು ಆಗದಲ್ಲ, ನಿಮ್ಮ ವಾದದ ಪ್ರಕಾರ ಅಲ್ಲಿ ಬೂಟಿಗೆ ನ್ಯಾಯವಿದೆಯೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಎಸೆದವನು ವಕೀಲ; ವಾದಿಸುವುದೇ ಕಸುಬಾದವನಿಗೆ, ಮರುಪರಿಶೀಲನೆಯ ಅರ್ಜಿ ಹಾಕಬಲ್ಲವನಿಗೆ ದಾರಿ ಇಲ್ಲವೆನ್ನುವುದು ಹೇಗೆ? ಗವಾಯಿ ವಿಚಾರಣೆ ಮುಂದುವರಿಸಿದರು. ಪೊಲೀಸರು ಅವನನ್ನು ಬಿಟ್ಟು ಕಳಿಸಿದರು, ಬೂಟನ್ನೂ ಹಿಂದಿರುಗಿಸಿದರು.

ಮಸಿಯೂ ಹೀಗೆಯೇ. ಮೊಟ್ಟೆ ತೊಳೆದರೆ ಹೋಗುತ್ತದೆ, ಮಸಿ ಫೋಟೊಕ್ಕಾಗಿಯೇ ಇರುವಂಥದು. 2005ರ ನವೆಂಬರಿನಲ್ಲಿ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ಪಾಲಿಕೆಯ ನಿರ್ಣಯದ ಸಿಟ್ಟಿನಲ್ಲಿ ಮೇಯರ್ ವಿಜಯ್ ಮೋರೆಯವರ ಮುಖಕ್ಕೆ ಬೆಂಗಳೂರಿನಲ್ಲಿ ಕನ್ನಡ ಹೋರಾಟಗಾರರು ಮಸಿ ಬಳಿದರು. ಅವತ್ತು ನಮ್ಮಲ್ಲಿ ಬಹಳ ಮಂದಿ ಒಳಗೊಳಗೇ ಖುಷಿಪಟ್ಟರು. 2015ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಶಿವಸೇನೆಯವರು, ಪಾಕಿಸ್ತಾನದ ಮಾಜಿ ವಿದೇಶಾಂಗ ಸಚಿವ ಕಸೂರಿಯ ಪುಸ್ತಕ ಬಿಡುಗಡೆ ಮಾಡಿಸಲು ಹೊರಟಿದ್ದ ಸುಧೀಂದ್ರ ಕುಲಕರ್ಣಿಯವರಿಗೆ ಮಸಿ ಬಳಿದರು. ಕುಲಕರ್ಣಿ ಅಥಣಿಯವರು, ಬೆಳಗಾವಿ ಜಿಲ್ಲೆಯ ಕನ್ನಡಿಗರು. ಆಗ ನಮಗೆ ಅದೇ ಮಸಿ ಗೂಂಡಾಗಿರಿಯಾಗಿ ಕಂಡಿತು. 2021ರಲ್ಲಿ ಬೆಂಗಳೂರಿನ ನ್ಯಾಯಾಲಯದ ಆವರಣದಲ್ಲಿ ಕೆ.ಎಸ್. ಭಗವಾನ್ ಅವರಿಗೆ, 2022ರ ಮೇ ತಿಂಗಳಲ್ಲಿ ಗಾಂಧಿ ಭವನದಲ್ಲಿ ರೈತ ಮುಖಂಡ ರಾಕೇಶ್ ಟಿಕಾಯತ್ ಅವರಿಗೆ ಮಸಿ ಬಿತ್ತು. ಗಾಂಧಿ ಭವನದಲ್ಲೇ! ಕುಲಕರ್ಣಿ ಮಾತ್ರ ಮುಖ ತೊಳೆಯದೆ ಕ್ಯಾಮೆರಾಗಳ ಮುಂದೆ ಕೂತರು, ಪುಸ್ತಕ ಬಿಡುಗಡೆ ಅದೇ ಸಂಜೆ ನಡೆಯಿತು. ಬಳಿದವರ ಉದ್ದೇಶ ತಲೆಕೆಳಗಾಯಿತು.

ಎಸೆತವನ್ನು ಸ್ವೀಕರಿಸುವ ಬಗೆಯಲ್ಲೇ ನಾಯಕರ ಜಾತಕ ಸಿಗುತ್ತದೆ. 1967ರ ಫೆಬ್ರುವರಿಯಲ್ಲಿ ಭುವನೇಶ್ವರದ ಸಭೆಯಲ್ಲಿ ಕಲ್ಲು ತಗುಲಿ ಮೂಗು ಮುರಿದರೂ ಇಂದಿರಾ ಗಾಂಧಿ ವೇದಿಕೆ ಬಿಟ್ಟು ಓಡಲಿಲ್ಲ. ಬ್ರಿಟನ್ನಿನ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ 2001ರಲ್ಲಿ ಮೊಟ್ಟೆ ಎಸೆದವನಿಗೆ ಅಲ್ಲೇ ಒಂದು ಗುದ್ದಿದರು, ಚುನಾವಣೆಯನ್ನೂ ಗೆದ್ದರು. ಎಲ್ಲಕ್ಕಿಂತ ಸೊಗಸು ಆಸ್ಟ್ರೇಲಿಯಾದ ಪ್ರಧಾನಿ ಬಿಲ್ಲಿ ಹ್ಯೂಸ್ ಅವರದು. 1917ರ ನವೆಂಬರ್ 29ರಂದು ವಾರ್ವಿಕ್ ರೈಲು ನಿಲ್ದಾಣದಲ್ಲಿ ಅವರ ಟೋಪಿಗೆ ಮೊಟ್ಟೆ ಬಿತ್ತು. ಕಡ್ಡಾಯ ಸೇನಾ ಭರ್ತಿಯ ವಿರುದ್ಧದ ಸಿಟ್ಟು ಅದು. ಎಸೆದವನನ್ನು ಬಂಧಿಸಿ ಎಂದರೆ ಸ್ಥಳೀಯ ಪೊಲೀಸ್ ಅಧಿಕಾರಿ, ನಾನು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕಾನೂನಿಗೆ ಮಾತ್ರ ಬದ್ಧ ಎಂದುಬಿಟ್ಟ. ರೇಗಿದ ಹ್ಯೂಸ್ ಕೆಲವೇ ವಾರಗಳಲ್ಲಿ ಕೇಂದ್ರದ ಪ್ರತ್ಯೇಕ ಪೊಲೀಸ್ ಪಡೆಯನ್ನೇ ಹುಟ್ಟುಹಾಕಿದರು. ಒಂದು ಮೊಟ್ಟೆಯಿಂದ ಒಂದು ಇಲಾಖೆ ಮರಿಯಾಯಿತು.

ಈಗಿನ ಕಾಲಕ್ಕೆ ಈ ನಗು ಪೂರ್ತಿ ಒಪ್ಪುವುದಿಲ್ಲ. 1991ರ ಮೇ ತಿಂಗಳಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯ ಹತ್ತಿರಕ್ಕೆ ಬಂದ ಕೈಯಲ್ಲಿ ಹಾರವಿತ್ತು. ಬ್ರಿಟನ್ನಿನಲ್ಲಿ 2016ರಲ್ಲಿ ಜೋ ಕಾಕ್ಸ್, 2021ರಲ್ಲಿ ಡೇವಿಡ್ ಅಮೆಸ್ ಎಂಬ ಇಬ್ಬರು ಸಂಸದರು ಕೊಲೆಯಾದದ್ದು ಜನರ ಅಹವಾಲು ಕೇಳಲು ಹೋದಾಗ. ಹಾರಿ ಬರುತ್ತಿರುವುದು ಮೊಟ್ಟೆಯೋ ಆಸಿಡ್ಡೋ ಎಂಬುದು ಅರೆಕ್ಷಣದಲ್ಲಿ ಯಾರಿಗೂ ತಿಳಿಯದು. ಪ್ರತಿಯೊಂದು ಮೊಟ್ಟೆಯ ಬೆನ್ನಿಗೆ ಇನ್ನೊಂದು ಬ್ಯಾರಿಕೇಡ್, ಇನ್ನಷ್ಟು ಗನ್‌ಮ್ಯಾನ್, ಕಪ್ಪು ಗಾಜಿನ ಇನ್ನೊಂದು ಕಾರು ಬರುತ್ತದೆ. ರಾಜಕಾರಣಿಗೆ ಅದು ಅನುಕೂಲವೇ: ಹತ್ತಿರ ಹೋಗದಿರಲು ನೆಪ ಸಿಕ್ಕಿತು. ಎಟುಕುವ ದೂರವನ್ನು ನಾವೇ ಎಸೆದೆಸೆದು ಹೆಚ್ಚಿಸಿಕೊಳ್ಳುತ್ತಿದ್ದೇವೆ.

ಕಾನೂನಿನಲ್ಲಿ ಗೊಂದಲವೇನಿಲ್ಲ. ಸಂವಿಧಾನದ 19ನೇ ವಿಧಿ ಕೊಡುವುದು ಶಾಂತಿಯುತವಾಗಿ, ನಿರಾಯುಧರಾಗಿ ಸೇರುವ ಹಕ್ಕನ್ನು. ಅವಮಾನ ಮಾಡುವ ಉದ್ದೇಶದಿಂದ ಬಲ ಪ್ರಯೋಗಿಸಿದರೆ ಭಾರತೀಯ ನ್ಯಾಯ ಸಂಹಿತೆಯ 133ನೇ ಕಲಮು ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಆದರೆ ಕಪ್ಪು ಬಾವುಟ ತೋರಿಸುವುದು ಮಾನಹಾನಿಯಲ್ಲ ಎಂದು ಕೇರಳ ಹೈಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ; 2017ರಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರಿಗೆ ಬಾವುಟ ತೋರಿಸಿದವರ ಮೇಲಿನ ಪ್ರಕರಣ ರದ್ದಾಯಿತು. ಗೆರೆ ಇರಬೇಕಾದ್ದು ಅಲ್ಲೇ. ಬಾವುಟ ಕಣ್ಣಿಗೆ, ಘೋಷಣೆ ಕಿವಿಗೆ. ಮೈಗೆ ತಾಗುವುದು ಯಾವುದೂ ಬೇಡ. ನಮ್ಮ ಪೊಲೀಸರು ಇದನ್ನು ತಿರುಗಾಮುರುಗಾ ಮಾಡುತ್ತಾರೆ ಎಂಬುದೇ ನನ್ನ ತಕರಾರು. ಬಾವುಟ ಹಿಡಿದ ರೈತನನ್ನು ಮುಂಜಾನೆಯೇ ಮನೆಯಿಂದ ಎತ್ತಿಕೊಂಡು ಹೋಗುತ್ತಾರೆ, ಪಕ್ಷದ ಹುಡುಗ ಮೊಟ್ಟೆ ಎಸೆದರೆ ಸಂಜೆಗೆ ಬಿಡುತ್ತಾರೆ.

ಆ ರೈತನ ಕಡೆ ನೋಡಿ. ಬೆಲೆ ಬಿದ್ದಾಗ ಕೋಲಾರದವನು ಟೊಮ್ಯಾಟೊವನ್ನು ಮಂತ್ರಿಯ ಮೇಲೆ ಎಸೆಯುವುದಿಲ್ಲ, ಲೋಡುಗಟ್ಟಲೆ ತಂದು ರಸ್ತೆಗೆ ಸುರಿಯುತ್ತಾನೆ. ತನ್ನದೇ ಬೆವರನ್ನು ತಾನೇ ಚೆಲ್ಲುವ ಆ ದೃಶ್ಯದ ಮುಂದೆ ಹತ್ತು ಮೊಟ್ಟೆ ಏನೂ ಅಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ವಿಧಾನಸೌಧದ ಎದುರು ಸೇರಿ ಸರ್ಕಾರವನ್ನು ನೋಡಿ ನಕ್ಕಿತ್ತು. ವಾಟಾಳ್ ನಾಗರಾಜ್ ಕತ್ತೆ, ಎಮ್ಮೆ, ಖಾಲಿ ಕೊಡಗಳನ್ನು ಹಿಡಿದು ಅರ್ಧ ಶತಮಾನ ಬೀದಿಯಲ್ಲಿ ಕಳೆದಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಬೊಮ್ಮಾಯಿ ಸರ್ಕಾರದ ಮೇಲಿನ ಕಮಿಷನ್ ಆರೋಪವನ್ನು ಬೆಂಗಳೂರಿನ ಗೋಡೆಗಳ ಮೇಲೆ ಕ್ಯೂಆರ್ ಕೋಡಾಗಿ ಅಂಟಿಸಿದ ಪೇಸಿಎಂ ಪೋಸ್ಟರ್ ಯಾರ ಮೈಗೂ ತಾಗಲಿಲ್ಲ. ಅದು ಕೂಡ ಪಕ್ಷದ್ದೇ, ಕಾಂಗ್ರೆಸ್ಸಿನದೇ. ಆದರೂ ಕೊಡಗಿನ ಮೊಟ್ಟೆಯಂತೆ ಅದು ಪ್ರಶ್ನೆಯನ್ನು ಮುಚ್ಚಲಿಲ್ಲ, ನಲವತ್ತು ಪರ್ಸೆಂಟ್ ಎಂಬ ಪ್ರಶ್ನೆಯನ್ನು ಚುನಾವಣೆಯವರೆಗೂ ಹೊತ್ತೊಯ್ದಿತು.

ಈಗ ಮತ್ತೆ ದೋಹಾದ ಕನ್ನಡಿಗರ ಮಾತು, ಏಕೆಂದರೆ ಈ ಲೇಖನ ಓದಿ ಮೊದಲು ಜಗಳಕ್ಕೆ ಬರುವವರು ಅವರೇ. ಊರಿನ ರಾಜಕೀಯಕ್ಕೆ ಇಲ್ಲಿಯ ವಾಟ್ಸಾಪ್ ಗುಂಪುಗಳಲ್ಲಿ ಊರಿಗಿಂತ ಹೆಚ್ಚು ಕಾವು. ಇಲ್ಲಿ ನಮಗೆ ಬೀದಿ ಇಲ್ಲ, ಸರಿ. ಆದರೆ ಊರಿನಲ್ಲಿ ಮತವಿದೆ. ಅನಿವಾಸಿ ಭಾರತೀಯರು ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಮತದಾರರಾಗಬಹುದು ಎಂದು 2010ರಲ್ಲಿ ಕಾನೂನು ತಿದ್ದುಪಡಿಯಾಗಿದೆ. 2024ರ ಲೋಕಸಭಾ ಚುನಾವಣೆಗೆ ಹಾಗೆ ಹೆಸರು ಬರೆಸಿದವರು ದೇಶಕ್ಕೆಲ್ಲ ಸೇರಿ ಸುಮಾರು 1.19 ಲಕ್ಷ, ಅವರಲ್ಲಿ ಬಹುಪಾಲು ಕೇರಳದವರು. ಬಂದು ಮತ ಹಾಕಿದವರು ಮೂರು ಸಾವಿರಕ್ಕೂ ಕಡಿಮೆ, ಅದರಲ್ಲೂ ಹೆಚ್ಚಿನವರು ಮಲಯಾಳಿಗಳೇ. ಖುದ್ದಾಗಿ ಮತಗಟ್ಟೆಗೆ ಬರಬೇಕೆಂಬ ನಿಯಮವೇ ಇದಕ್ಕೆ ದೊಡ್ಡ ಕಾರಣ. ವಿದೇಶದಿಂದಲೇ ಅಂಚೆ ಮತ ಹಾಕುವ ವ್ಯವಸ್ಥೆಗೆ ಚುನಾವಣಾ ಆಯೋಗ 2020ರಲ್ಲೇ ಒಪ್ಪಿಗೆ ಸೂಚಿಸಿದ್ದರೂ ಅದು ಜಾರಿಗೆ ಬಂದಿಲ್ಲ. ಮುಂದಿನ ಸಲ ಊರಿನ ಮಂತ್ರಿಗಳು ದೋಹಾಕ್ಕೆ ಬಂದಾಗ ಶಾಲು ಹೊದಿಸಿದ ಮೇಲೆ ಕೇಳಬೇಕಾದ ಪ್ರಶ್ನೆ ಇದು. ಅಷ್ಟರೊಳಗೆ ನೀವು ಮಾಡಬೇಕಾದ್ದೂ ಒಂದಿದೆ: ಹೆಸರು ಇನ್ನೂ ಬರೆಸಿಲ್ಲದಿದ್ದರೆ ಫಾರಂ 6ಎ ತುಂಬಿ. ಆನ್‌ಲೈನಿನಲ್ಲೇ ಆಗುತ್ತದೆ, ಶುಲ್ಕವಿಲ್ಲ.